ಜೀನ್ಸ್ ಟ್ಯಾಗಿನ ಕ್ಯೂಆರ್ ಕೋಡ್ ಕೆಲವು ಫೋನುಗಳಲ್ಲಿ ಓದುತ್ತದೆ, ಕೆಲವದರಲ್ಲಿ ಇಲ್ಲ. ಮುಂದಿನ ಸಲ ಹೇಗೆ ಪ್ರಿಂಟ್ ಮಾಡಿಸಲಿ?

ಕೌಲ್‌ಬಜಾರ್ ಜೀನ್ಸ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದೊಂದು ಚಿಕ್ಕ ಜೀನ್ಸ್ ಘಟಕ ಇದೆ. ಕಟಿಂಗ್ ನಮ್ಮಲ್ಲೇ ಆಗುತ್ತದೆ. ಹೊಲಿಗೆ ಸ್ವಲ್ಪ ಇಲ್ಲಿ, ಸ್ವಲ್ಪ ಮನೆಗಳಿಗೆ ಕೊಟ್ಟು ಮಾಡಿಸುತ್ತೇವೆ. ವಾಷಿಂಗ್ ಹೊರಗಡೆ. ಮಾಲು ಹೆಚ್ಚಾಗಿ ಹೊರ ಊರಿನ ಅಂಗಡಿಗಳಿಗೆ ಹೋಗುತ್ತದೆ, ಅಲ್ಲಿ ಕೊಳ್ಳುವವರಿಗೆ ಇದು ಬಳ್ಳಾರಿಯಲ್ಲಿ ಹೊಲಿದದ್ದು ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೇ ಈ ಸಲ ಹ್ಯಾಂಗ್ ಟ್ಯಾಗಿನ ಮೇಲೆ ಕ್ಯೂಆರ್ ಕೋಡ್ ಹಾಕಿಸಿದೆವು. ಸ್ಕ್ಯಾನ್ ಮಾಡಿದರೆ ಸೈಜ್ ಚಾರ್ಟ್, ಒಗೆಯುವ ರೀತಿ, ನಮ್ಮ ವಾಟ್ಸಾಪ್ ನಂಬರ್ ಎಲ್ಲ ಸಿಗಬೇಕು ಅನ್ನುವುದು ಆಸೆ.

ಟ್ಯಾಗ್ ನೋಡಲು ಬಹಳ ಚೆನ್ನಾಗಿ ಬಂದಿದೆ. ಕಡುನೀಲಿ ಕಾರ್ಡು, ಅದರ ಮೇಲೆ ಬಂಗಾರದ ಬಣ್ಣದ ಫಾಯಿಲಿನಲ್ಲಿ ಕೋಡ್, ನಡುವೆ ನಮ್ಮ ಲೋಗೋ, ಮೇಲೆ ಹೊಳೆಯುವ ಲ್ಯಾಮಿನೇಶನ್. ಕೋಡ್ ಅಗಲ 12 ಮಿಲಿಮೀಟರ್. ಒಳಗಿರುವುದು ಗೂಗಲ್ ಡ್ರೈವಿನ ಒಂದು ಪಿಡಿಎಫ್ ಲಿಂಕು. ಆದರೆ ಹೊಸ ಫೋನುಗಳಲ್ಲಿ ಮಾತ್ರ ಓದುತ್ತಿದೆ, ಅದೂ ಟ್ಯಾಗನ್ನು ಆ ಕಡೆ ಈ ಕಡೆ ವಾಲಿಸಿದ ಮೇಲೆ. ಅಂಗಡಿಯವರು ಕೈಯಲ್ಲಿ ಹಿಡಿಯುವ ಸ್ಕ್ಯಾನರಿಗಂತೂ ಕಾಣುವುದೇ ಇಲ್ಲ. ಪ್ರಿಂಟಿನವರನ್ನು ಕೇಳಿದರೆ "ನಿಮ್ಮ ಫೋನ್ ಸರಿ ಇಲ್ಲ" ಅನ್ನುತ್ತಾರೆ.

ನನಗೆ ಗೊತ್ತಾಗಬೇಕಾದದ್ದು ಇಷ್ಟು. ಎಷ್ಟು ದೊಡ್ಡದು ಮಾಡಿಸಬೇಕು? ಬಣ್ಣ ಯಾವುದಿರಬೇಕು? ನೆಟ್ಟಿನಲ್ಲಿ ಸಿಗುವ ಉಚಿತ ಸೈಟುಗಳಲ್ಲಿ ಮಾಡಿದ ಕೋಡ್ ಕೆಲವು ದಿನ ಆದಮೇಲೆ ಸಾಯುತ್ತದೆ ಅನ್ನುತ್ತಾರೆ, ಹೌದಾ? ಈಗಾಗಲೇ ಪ್ರಿಂಟ್ ಆದ ಸಾವಿರಾರು ಟ್ಯಾಗುಗಳಿಗೆ ಏನಾದರೂ ದಾರಿ ಇದೆಯಾ?

ಕೊಪ್ಪಳ ಡಿಟಿಪಿ

ನಿಮ್ಮ ಫೋನ್ ಸರಿ ಇದೆ. ನೀವು ಹೇಳಿದ ಟ್ಯಾಗಿನಲ್ಲಿ ಕೋಡ್ ಓದದಿರಲು ಬೇಕಾದ ಕಾರಣಗಳೆಲ್ಲ ಒಟ್ಟಿಗೆ ಬಂದಿವೆ. ಇಂಥ ಕೆಲಸ ನನ್ನ ಕೈಗೆ ಆಗಾಗ ಬರುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಬಣ್ಣ. ಬಿಳಿಯ ಮೇಲೆ ಕಪ್ಪು ಇರಬೇಕು. ಕಡುಬಣ್ಣದ ಮೇಲೆ ತಿಳಿಬಣ್ಣದ ಕೋಡ್ ಹಾಕಿದರೆ ಅದು ತಿರುವುಮುರುವು ಆಗುತ್ತದೆ. ಹೊಸ ಫೋನಿನ ಕ್ಯಾಮೆರಾ ಅದನ್ನು ಅರ್ಥ ಮಾಡಿಕೊಳ್ಳುತ್ತದೆ, ಹಳೆಯ ಆ್ಯಪ್‌ಗಳು ಮತ್ತು ಅಂಗಡಿ ಸ್ಕ್ಯಾನರುಗಳು ಎಷ್ಟೋ ಸಲ ಮಾಡಿಕೊಳ್ಳುವುದಿಲ್ಲ. ಅದರಲ್ಲೂ ಬಂಗಾರದ ಫಾಯಿಲ್ ಕನ್ನಡಿ ಥರ ಬೆಳಕು ವಾಪಸ್ ಹೊಡೆಯುತ್ತದೆ, ಒಂದು ಕೋನದಲ್ಲಿ ಬಿಳಿ, ಇನ್ನೊಂದು ಕೋನದಲ್ಲಿ ಕಪ್ಪು. ನೀವು ಟ್ಯಾಗ್ ವಾಲಿಸಿದಾಗ ಓದಿದ್ದು ಇದೇ ಕಾರಣಕ್ಕೆ. ಕೆಂಪು ಬಣ್ಣವೂ ಬೇಡ. ಕೈ ಸ್ಕ್ಯಾನರುಗಳಲ್ಲಿ ಬಹಳಷ್ಟು ಕೆಂಪು ಬೆಳಕು ಬಿಡುವಂಥವು, ಅವುಗಳಿಗೆ ಕೆಂಪು ಶಾಯಿ ಬಿಳಿಯಾಗಿಯೇ ಕಾಣುತ್ತದೆ.

ಆಮೇಲೆ ಸುತ್ತಲಿನ ಬಿಳಿ ಜಾಗ. ಕೋಡಿನ ಒಂದು ಚಿಕ್ಕ ಚೌಕ ಎಷ್ಟಿದೆಯೋ ಅದರ ನಾಲ್ಕರಷ್ಟು ಜಾಗ ನಾಲ್ಕೂ ಕಡೆ ಖಾಲಿ ಬಿಡಬೇಕು. ಡಿಸೈನ್ ಮಾಡುವವರು ಮೊದಲು ಕತ್ತರಿಸುವುದೇ ಇದನ್ನು, ಸುಮ್ನೆ ಖಾಲಿ ಇದೆ ಅಂದುಕೊಂಡು. ಅದು ಕೋಡಿನದೇ ಭಾಗ, ಅದಿಲ್ಲದಿದ್ದರೆ ಕೋಡ್ ಎಲ್ಲಿ ಶುರು ಆಗುತ್ತದೆ ಅಂತ ಕ್ಯಾಮೆರಾಗೆ ಗೊತ್ತಾಗುವುದಿಲ್ಲ. ನಿಮ್ಮ ನೀಲಿ ಕಾರ್ಡನ್ನು ಬಿಡಬೇಕಿಲ್ಲ. ಅದರ ಮೇಲೆ ಒಂದು ಬಿಳಿ ಚೌಕ ಬಿಟ್ಟು, ಅದರೊಳಗೆ ಕಪ್ಪಿನಲ್ಲಿ ಕೋಡ್ ಹಾಕಿಸಿ. ಕಪ್ಪು ಅಂದರೆ ಬರೀ ಕಪ್ಪು ಶಾಯಿ ಒಂದೇ ಇರಲಿ. ನಾಲ್ಕು ಬಣ್ಣ ಕೂಡಿಸಿ ಮಾಡಿದ ಕಪ್ಪಾದರೆ ಆಫ್‌ಸೆಟ್‌ನಲ್ಲಿ ಪ್ಲೇಟ್ ಕೂದಲೆಳೆ ಸರಿದರೂ ಅಂಚು ಮಸುಕಾಗುತ್ತದೆ.

ಈಗ ಅಳತೆ. ಇದೇ ಮುಖ್ಯ ವಿಷಯ. ಡ್ರೈವ್ ಲಿಂಕು ಸಾಮಾನ್ಯವಾಗಿ 80 ಅಕ್ಷರ ದಾಟುತ್ತದೆ. ನಡುವೆ ಲೋಗೋ ಇದೆ ಅಂದರೆ ನಿಮ್ಮವರು ಎಚ್ ಮಟ್ಟ ಇಟ್ಟಿರುತ್ತಾರೆ, ಅಂದರೆ ಸ್ವಲ್ಪ ಭಾಗ ಮುಚ್ಚಿದರೂ ಓದಲಿ ಅಂತ ಇರುವ ಅತಿ ಹೆಚ್ಚಿನ ರಕ್ಷಣೆ. ಹಾಗಾದರೆ ಕೋಡ್ 49 ಸಾಲು, 49 ಕಾಲಂ ಆಗುತ್ತದೆ. ಅದನ್ನು 12 ಮಿಲಿಮೀಟರಿನಲ್ಲಿ ತುರುಕಿದರೆ ಒಂದೊಂದು ಚೌಕ ಕಾಲು ಮಿಲಿಮೀಟರ್. ಫಾಯಿಲಿನಲ್ಲಿ ಅಷ್ಟು ಚಿಕ್ಕದು ಶುದ್ಧವಾಗಿ ಕೂರುವುದು ಕಷ್ಟ. ಅದಕ್ಕೇ ಬರೀ ದೊಡ್ಡದು ಮಾಡಿ ಅಂತ ನಾನು ಹೇಳುವುದಿಲ್ಲ, ಮೊದಲು ಒಳಗಿನ ಲಿಂಕನ್ನು ಚಿಕ್ಕದು ಮಾಡಿ. ಅದು ಅರ್ಧಕ್ಕಿಂತ ಕಡಿಮೆ ಆಯಿತೆಂದರೆ ಚೌಕಗಳು ತಾವೇ ದೊಡ್ಡದಾಗುತ್ತವೆ. ಅಗಲಕ್ಕೆ ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ, ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತಾರೋ ಅದರ ಹತ್ತನೇ ಒಂದು ಭಾಗ. ಕೈಯಲ್ಲಿ ಹಿಡಿದ ಟ್ಯಾಗ್ ಅಂದರೆ 20 ಸೆಂಟಿಮೀಟರ್ ದೂರ, ಕೋಡ್ 2 ಸೆಂಟಿಮೀಟರ್. ಗೋಡೆಯ ಫ್ಲೆಕ್ಸ್ 3 ಮೀಟರ್ ದೂರದಿಂದ ಓದಬೇಕಾದರೆ 30 ಸೆಂಟಿಮೀಟರ್ ಬೇಕು.

ಇನ್ನೊಂದು. ಫೈಲನ್ನು ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಬೇಡಿ, ಅದು ಒತ್ತಿ ಕುಗ್ಗಿಸುತ್ತದೆ, ಅಂಚುಗಳೆಲ್ಲ ಕದಡುತ್ತವೆ. ಡಾಕ್ಯುಮೆಂಟ್ ಅಂತ ಕಳಿಸಿ, ಎಸ್‌ವಿಜಿ ಅಥವಾ ಪಿಡಿಎಫ್ ಇರಲಿ. ಕೋಡ್ ಮಾಡಲು ಯಾವ ಸೈಟಿಗೂ ಹೋಗಬೇಕಿಲ್ಲ. ಇಂಕ್‌ಸ್ಕೇಪಿನಲ್ಲಿ ಎಕ್ಸ್‌ಟೆನ್ಶನ್ಸ್, ರೆಂಡರ್, ಬಾರ್‌ಕೋಡ್ ಒಳಗೆ ಕ್ಯೂಆರ್ ಇದೆ. ಕೋರೆಲ್‌ಡ್ರಾ ಹೊಸ ಆವೃತ್ತಿಗಳಲ್ಲೂ ಇದೆ. ಲಿಬ್ರೆ ಆಫೀಸಿನಲ್ಲಿ 6.4ರಿಂದ ಬಂದಿದೆ. ಮೂರೂ ಇಂಟರ್ನೆಟ್ ಇಲ್ಲದೆ ಕೆಲಸ ಮಾಡುತ್ತವೆ.

ಸಿಂಧನೂರು ರೈಸ್‌ಮಿಲ್

ಮೇಲಿನವರು ಹೇಳಿದ್ದೆಲ್ಲ ಸರಿ. ಮುಂದೆ ಪ್ರತಿ ಪೀಸಿಗೂ ಬೇರೆ ಬೇರೆ ಕೋಡ್ ಬೇಕು ಅಂತ ನಿಮಗೆ ಅನಿಸಿಯೇ ಅನಿಸುತ್ತದೆ, ಸೈಜು, ಲಾಟ್ ನಂಬರ್ ಅಂತ. ಆಗ ಆಫ್‌ಸೆಟ್ ಬಿಟ್ಟು ಲೇಬಲ್ ಪ್ರಿಂಟರಿಗೆ ಬರಬೇಕಾಗುತ್ತದೆ. ನಾವು ಅಕ್ಕಿ ಚೀಲಕ್ಕೆ ಲಾಟ್ ಲೇಬಲ್ ಹಾಕುವುದು ಹಾಗೇ, ಆದ್ದರಿಂದ ಆ ಕಡೆಯ ವಿಷಯ ಹೇಳುತ್ತೇನೆ.

ಮಾಮೂಲಿ ಲೇಬಲ್ ಪ್ರಿಂಟರು 203 ಡಿಪಿಐ ಇರುತ್ತದೆ, ಅಂದರೆ ಒಂದು ಮಿಲಿಮೀಟರಿಗೆ 8 ಚುಕ್ಕಿ. ಅದು ಅರ್ಧ ಚುಕ್ಕಿ ಹಾಕಲಾರದು. ಕೋಡಿನ ಒಂದು ಚೌಕಕ್ಕೆ ಪೂರ್ತಿ 3 ಅಥವಾ 4 ಅಥವಾ 5 ಚುಕ್ಕಿ ಬರಬೇಕು. ನೀವು ಎಲ್ಲೋ ಮಾಡಿದ ಚಿತ್ರ ತಂದು 20 ಮಿಲಿಮೀಟರಿಗೆ ಎಳೆದು ಕೂರಿಸಿದಿರಿ ಅಂತಿಟ್ಟುಕೊಳ್ಳಿ. 160 ಚುಕ್ಕಿಯನ್ನು ಅಂಚೂ ಸೇರಿ 33 ಚೌಕಕ್ಕೆ ಹಂಚಿದರೆ ಒಂದಕ್ಕೆ 4.85. ಪ್ರಿಂಟರು ಕೆಲವು ಚೌಕಕ್ಕೆ 4, ಕೆಲವಕ್ಕೆ 5 ಹಾಕುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಸ್ಕ್ಯಾನರಿಗೆ ಗೊತ್ತಾಗುತ್ತದೆ. ಅದಕ್ಕೇ ಚಿತ್ರ ಅಂಟಿಸಬೇಡಿ, ಲೇಬಲ್ ಸಾಫ್ಟ್‌ವೇರಿನೊಳಗೇ ಇರುವ ಕ್ಯೂಆರ್ ಆಯ್ಕೆ ಬಳಸಿ. ಒಂದು ಚೌಕಕ್ಕೆ ಎಷ್ಟು ಚುಕ್ಕಿ ಅಂತ ಅದೇ ಕೇಳುತ್ತದೆ. 4 ಅಂತ ಕೊಟ್ಟರೆ ಚೌಕ ಅರ್ಧ ಮಿಲಿಮೀಟರ್, ಪೂರ್ತಿ ಕೋಡ್ ಅಂಚಿನ ಸಮೇತ ಹದಿನಾರೂವರೆ ಮಿಲಿಮೀಟರ್. ಟ್ಯಾಗಿಗೆ ಹೇಳಿ ಮಾಡಿಸಿದ ಅಳತೆ.

ರಿಬ್ಬನ್ (ಶಾಯಿಯ ಪಟ್ಟಿ) ಇಲ್ಲದೆ ಬರೀ ಬಿಸಿಗೆ ಕಪ್ಪಾಗುವ ಥರ್ಮಲ್ ಕಾಗದ ತಗೋಬೇಡಿ. ಅಂಗಡಿ ಬಿಲ್ಲಿನ ಕಾಗದ ಬಿಸಿಲಿಗೆ ಏನಾಗುತ್ತದೆ ನೋಡಿದ್ದೀರಲ್ಲ, ಅದೇ ಇಲ್ಲೂ ಆಗುತ್ತದೆ. ನಮ್ಮ ರಾಯಚೂರು, ಬಳ್ಳಾರಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಲಾರಿಯೊಳಗೆ ಇನ್ನೂ ಜಾಸ್ತಿ. ರಿಬ್ಬನ್ ಇರುವ ಪ್ರಿಂಟರೇ ಬೇಕು. ಕಾಗದದ ಟ್ಯಾಗಿಗೆ ವ್ಯಾಕ್ಸ್ ರಿಬ್ಬನ್ ಸಾಕು. ಒಗೆಯುವಾಗಲೂ ಉಳಿಯಬೇಕಾದ ಬಟ್ಟೆ ಲೇಬಲ್, ಅಂದರೆ ಸ್ಯಾಟಿನ್ ಅಥವಾ ಟಫೇಟಾ, ಅದಕ್ಕೆ ರೆಸಿನ್ ರಿಬ್ಬನ್ ಹಾಕಿಸಿ. ಆದರೆ ಬಟ್ಟೆ ಲೇಬಲ್ಲನ್ನು ವಾಷಿಂಗಿಗೆ ಮೊದಲೇ ಹೊಲಿದು ಬಿಟ್ಟರೆ ಕಲ್ಲು, ಬ್ಲೀಚು ಎಲ್ಲದರ ಜೊತೆ ಅದೂ ತಿರುಗಬೇಕು. ಅಲ್ಲಿ ಕೋಡಿನ ಮೇಲೆ ಭರವಸೆ ಇಡಬೇಡಿ. ವಾಷಿಂಗ್ ಮುಗಿದ ಮೇಲೆ ಕಟ್ಟುವ ಹ್ಯಾಂಗ್ ಟ್ಯಾಗೇ ಕೋಡಿಗೆ ಸರಿಯಾದ ಜಾಗ.

ಪ್ರಿಂಟರಿನ ಬಿಸಿ ಜಾಸ್ತಿ ಇಟ್ಟರೆ ಕಪ್ಪು ಹರಡಿ ಬಿಳಿ ಚೌಕಗಳನ್ನು ನುಂಗುತ್ತದೆ. ಕಡುಕಪ್ಪು ಬಂದರೆ ಒಳ್ಳೆಯದು ಅಂತ ಹುಡುಗರು ಏರಿಸುತ್ತಲೇ ಹೋಗುತ್ತಾರೆ. ಒಂದು ಹೆಜ್ಜೆ ಇಳಿಸಿ ನೋಡಿ.

ಕೌಲ್‌ಬಜಾರ್ ಜೀನ್ಸ್, ಬಳ್ಳಾರಿ

ಇಬ್ಬರಿಗೂ ಬಹಳ ಥ್ಯಾಂಕ್ಸ್. ಚೌಕಕ್ಕೆ ಎಷ್ಟು ಚುಕ್ಕಿ ಅನ್ನುವ ಮಾತನ್ನು ಇಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಒಂದು ಅನುಮಾನ. ಲಿಂಕು ಚಿಕ್ಕದಿರಲಿ ಅಂದಿರಿ. ಲಿಂಕನ್ನೇ ಬಿಟ್ಟು, ಒಗೆಯುವ ರೀತಿಯನ್ನು ಕನ್ನಡದಲ್ಲಿ ನೇರವಾಗಿ ಕೋಡಿನೊಳಗೆ ಬರೆದರೆ ಹೇಗೆ? ನೆಟ್ ಇಲ್ಲದಿದ್ದರೂ ಓದಬಹುದಲ್ವಾ? ಇಲ್ಲವಾದರೆ ಸೀದಾ ವಾಟ್ಸಾಪ್ ಚಾಟ್ ತೆರೆಯುವಂತೆ ಮಾಡಿ, ಅದರಲ್ಲಿ ಮೊದಲೇ ಒಂದು ಕನ್ನಡ ಮೆಸೇಜ್ ಬರೆದಿರುವಂತೆ ಮಾಡಬಹುದಾ? ಇನ್ನೊಂದು, ಪ್ರತಿ ಪೀಸಿಗೂ ಬೇರೆ ಕೋಡ್ ಹಾಕಿದರೆ ನಮ್ಮ ಮಾಲಿನ ನಕಲು ತಡೆಯಬಹುದಾ?

ಲಿಂಗಸುಗೂರು ಮೇಷ್ಟ್ರು

ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಚೌಕಳಿ ಹಾಳೆಯ ಮೇಲೆ ಬಿಡಿಸಿ ತೋರಿಸಿದ್ದೇನೆ, ಹಾಗಾಗಿ ಲೆಕ್ಕ ನಾನು ಹೇಳುತ್ತೇನೆ.

ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ತಂದಿತು, ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಬಳಸಲು ಯಾರಿಗೂ ಶುಲ್ಕ ಕೊಡಬೇಕಿಲ್ಲ. ಕಾರ್ಖಾನೆಯಲ್ಲಿ ಕೊಳೆ, ಗೀರು ಎಲ್ಲ ಇರುತ್ತದೆ, ಆದ್ದರಿಂದ ಸ್ವಲ್ಪ ಭಾಗ ಹಾಳಾದರೂ ಓದುವಂತೆ ಮಾಡಿದರು. ಅದಕ್ಕೆ ನಾಲ್ಕು ಮಟ್ಟ ಇವೆ. ಎಲ್‌ನಲ್ಲಿ ಸುಮಾರು 7 ಶೇಕಡಾ ಹಾಳಾದರೂ ನಡೆಯುತ್ತದೆ, ಎಂನಲ್ಲಿ 15, ಕ್ಯೂನಲ್ಲಿ 25, ಎಚ್‌ನಲ್ಲಿ 30. ಮಟ್ಟ ಏರಿದ ಹಾಗೆ ಅದೇ ಮಾತಿಗೆ ಜಾಸ್ತಿ ಚೌಕ ಬೇಕು. ಚಿಕ್ಕ ಕೋಡ್ 21 ಚೌಕ ಅಗಲ, ಆಮೇಲೆ ನಾಲ್ಕು ನಾಲ್ಕರಂತೆ ಏರಿ 177ರವರೆಗೆ ಹೋಗುತ್ತದೆ.

ನಿಮ್ಮ ವಾಟ್ಸಾಪ್ ಐಡಿಯಾ ಬಹಳ ಒಳ್ಳೆಯದು. ಕಂಪನಿಯದೇ ಚಿಕ್ಕ ವಿಳಾಸ ಇದೆ, ಡಬ್ಲ್ಯೂಎ ಡಾಟ್ ಎಂಇ. ಮುಂದಿನ ಎಚ್‌ಟಿಟಿಪಿಎಸ್ ಎಲ್ಲ ಸೇರಿ 14 ಅಕ್ಷರ, ಆಮೇಲೆ 91 ಸೇರಿಸಿ ನಿಮ್ಮ ನಂಬರ್ 12 ಅಂಕಿ. ಒಟ್ಟು 26. ಎಂ ಮಟ್ಟದಲ್ಲಿ 25 ಚೌಕ ಅಗಲದ ಕೋಡಿಗೆ ಹಿಡಿಯುವುದು ಸರಿಯಾಗಿ 26 ಬೈಟ್, ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಒಂದು ಅಕ್ಷರವೂ ದಂಡ ಆಗುವುದಿಲ್ಲ! ರೈಸ್‌ಮಿಲ್‌ನವರು ಹೇಳಿದ 33 ಚೌಕದ ಲೆಕ್ಕ ಇದಕ್ಕೇ ಕೂಡುತ್ತದೆ, 25ಕ್ಕೆ ಎರಡೂ ಕಡೆಯ ಅಂಚು ಎಂಟು. ಇನ್ನೂ ಒಂದು ಉಪಾಯ ಇದೆ. ಆ ವಿಳಾಸವನ್ನು ಪೂರ್ತಿ ದೊಡ್ಡಕ್ಷರದಲ್ಲಿ ಟೈಪ್ ಮಾಡಿ. ಕ್ಯೂಆರ್ ಒಳಗೆ ದೊಡ್ಡಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆ ಸೇರಿ 45 ಗುರುತುಗಳಿಗೆ ಕಡಿಮೆ ಜಾಗ ಹಿಡಿಯುವ ಬೇರೆ ಪದ್ಧತಿ ಇದೆ. ಆಗ ಅದೇ 25 ಚೌಕದಲ್ಲಿ ಎಂ ಬದಲು ಕ್ಯೂ ಮಟ್ಟವೇ ಸಿಗುತ್ತದೆ. ವೆಬ್ ವಿಳಾಸದ ಹೆಸರಿನ ಭಾಗಕ್ಕೆ ದೊಡ್ಡಕ್ಷರ ಚಿಕ್ಕಕ್ಷರ ಭೇದ ಇಲ್ಲ, ಅದಕ್ಕೇ ಇದು ನಡೆಯುತ್ತದೆ. ಡ್ರೈವ್ ಲಿಂಕಿಗೆ ಮಾತ್ರ ಹೀಗೆ ಮಾಡಬೇಡಿ, ಅಲ್ಲಿ ಭೇದ ಇದೆ, ತೆರೆಯುವುದೇ ಇಲ್ಲ.

ಕನ್ನಡದ ಮಾತು ಹಾಕಬಹುದು, ಆದರೆ ಬೆಲೆ ನೋಡಿ. ನಮ್ಮ ಪ್ರತಿ ಅಕ್ಷರಚಿಹ್ನೆಗೆ 3 ಬೈಟ್ ಬೇಕು, ಒತ್ತಕ್ಷರ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ ಎಣಿಕೆ. "ನಮಸ್ಕಾರ" ಅಂದರೆ 21 ಬೈಟ್. ಅದನ್ನೇ ವಾಟ್ಸಾಪ್ ಲಿಂಕಿನೊಳಗೆ ಮೆಸೇಜಾಗಿ ಇಟ್ಟರೆ ಪ್ರತಿ ಬೈಟೂ ಶೇಕಡಾ ಚಿಹ್ನೆಯ ಜೊತೆ ಮೂರು ಅಕ್ಷರವಾಗಿ 63 ಆಗುತ್ತದೆ. ಒಂದು ನಮಸ್ಕಾರಕ್ಕೇ ಇಷ್ಟಾದರೆ ಇಡೀ ವಾಕ್ಯಕ್ಕೆ ಎಷ್ಟಾಗಬಹುದು ಲೆಕ್ಕ ಹಾಕಿ. ಒಗೆಯುವ ರೀತಿಯನ್ನು ಟ್ಯಾಗಿನ ಹಿಂದೆ ಕನ್ನಡದಲ್ಲೇ ಕಣ್ಣಿಗೆ ಕಾಣುವಂತೆ ಅಚ್ಚು ಹಾಕಿಸಿ, ಅದಕ್ಕೆ ಫೋನೂ ಬೇಡ, ನೆಟ್ಟೂ ಬೇಡ. ಕನ್ನಡದ ಶುಭಾಶಯವನ್ನು ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗಿ ಹೋಗುವ ಉತ್ತರವಾಗಿ ಇಡಿ. ಸೈಜ್ ಚಾರ್ಟನ್ನೂ ಅಲ್ಲಿಂದಲೇ ಕಳಿಸಬಹುದು.

ನಕಲಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಕ್ಯೂಆರ್ ಕೋಡ್ ನಕಲು ತಡೆಯುವುದಿಲ್ಲ. ಫೋಟೋ ತೆಗೆದು ಅಂಟಿಸಿದರೆ ಅದೂ ಓದುತ್ತದೆ. ಪ್ರತಿ ಪೀಸಿಗೂ ಬೇರೆ ನಂಬರ್ ಕೊಟ್ಟು, ಅದು ಎಷ್ಟು ಸಲ ಸ್ಕ್ಯಾನ್ ಆಯಿತು ಅಂತ ನಿಮ್ಮ ಸೈಟಿನಲ್ಲಿ ಲೆಕ್ಕ ಇಟ್ಟರೆ, ಒಂದೇ ನಂಬರ್ ಹತ್ತಾರು ಊರಲ್ಲಿ ಕಂಡಾಗ ಅನುಮಾನ ಬರಬಹುದು, ಅಷ್ಟೇ.

ಗಂಗಾವತಿ ಮೊಬೈಲ್ಸ್

ಇಷ್ಟೆಲ್ಲ ಲೆಕ್ಕ ಯಾಕೆ ಸರ್? ಉಚಿತ ಸೈಟಿಗೆ ಹೋಗಿ ಡೈನಾಮಿಕ್ ಕೋಡ್, ಅಂದರೆ ಆಮೇಲೂ ಲಿಂಕು ಬದಲಿಸಬಹುದಾದ ಕೋಡ್ ಮಾಡಿ. ಲಿಂಕು ತಾನೇ ಚಿಕ್ಕದಾಗುತ್ತದೆ, ನಾಳೆ ಪಿಡಿಎಫ್ ಬದಲಾದರೂ ಟ್ಯಾಗ್ ಬದಲಿಸಬೇಕಿಲ್ಲ, ಯಾವ ಊರಲ್ಲಿ ಎಷ್ಟು ಜನ ಸ್ಕ್ಯಾನ್ ಮಾಡಿದರು ಅಂತಲೂ ಗೊತ್ತಾಗುತ್ತದೆ. ನಾಲ್ಕು ಅಂಗಡಿಗಳಿಗೆ ಮಾಡಿಕೊಟ್ಟಿದ್ದೇನೆ, ಆರಾಮಾಗಿ ನಡೆಯುತ್ತಿದೆ. ಲೋಗೋನೂ ನಡುವೆ ಇರಲಿ, ನಂಬಿಕೆ ಬರುತ್ತದೆ. ಬೇಕಾದರೆ ಟ್ಯಾಗಿನ ಇನ್ನೊಂದು ಕಡೆ ಯುಪಿಐ ಕೋಡೂ ಹಾಕಿಸಿ.

ಕೊಪ್ಪಳ ಡಿಟಿಪಿ

ಗಂಗಾವತಿಯವರೇ, ನೀವು ಹೇಳಿದ ಅನುಕೂಲ ನಿಜ. ಬದಲಾಯಿಸಬಹುದಾದ ಲಿಂಕು ದೊಡ್ಡ ವರವೇ. ಆದರೆ ಅಲ್ಲಿ ಕೋಡ್ ಮೊದಲು ಹೋಗುವುದು ಆ ಸೈಟಿನವರ ಮನೆಗೆ, ಅಲ್ಲಿಂದ ನಮ್ಮ ಮನೆಗೆ. ಟ್ರಯಲ್ ಮುಗಿದ ದಿನ ಗಿರಾಕಿಗೆ ಕಾಣುವುದು "ಹಣ ಕಟ್ಟಿ" ಅನ್ನುವ ಪುಟ. ಪ್ರಶ್ನೆ ಕೇಳಿದವರು ಕೋಡ್ ಸಾಯುತ್ತದಾ ಅಂದಿದ್ದರಲ್ಲ, ಉತ್ತರ ಇಲ್ಲಿದೆ: ಕೋಡ್ ಸಾಯುವುದಿಲ್ಲ, ಮಧ್ಯದ ವಿಳಾಸ ಸಾಯುತ್ತದೆ. ಗೂಗಲ್ ಅಂಥ ಗೂಗಲ್ಲೇ ತನ್ನ ಲಿಂಕು ಚಿಕ್ಕದು ಮಾಡುವ ಸೇವೆಯಲ್ಲಿ ಹೊಸ ಲಿಂಕು ಕೊಡುವುದನ್ನು 2019ರಲ್ಲಿ ನಿಲ್ಲಿಸಿತು. ಜೀನ್ಸ್ ಅಂಗಡಿಯಲ್ಲಿ ವರ್ಷಗಟ್ಟಲೆ ನೇತಾಡುತ್ತದೆ. ಪರೀಕ್ಷೆ ಮಾಡುವುದು ಸುಲಭ, ಸ್ಕ್ಯಾನ್ ಮಾಡಿದಾಗ ತೆರೆಯುವ ಮೊದಲು ವಿಳಾಸ ಕಾಣುತ್ತದಲ್ಲ, ಅದು ನಿಮ್ಮದಲ್ಲದಿದ್ದರೆ ಮಧ್ಯೆ ಯಾರೋ ಇದ್ದಾರೆ. ಸ್ವಂತ ಡೊಮೇನ್ (ವೆಬ್ ವಿಳಾಸದ ಹೆಸರು) ಒಂದು ತಗೊಂಡು ಚಿಕ್ಕ ಪುಟ ಇಟ್ಟರೆ ಅದೇ ಅನುಕೂಲ ಸಿಗುತ್ತದೆ, ಬೀಗದ ಕೈ ನಿಮ್ಮ ಹತ್ತಿರವೇ ಇರುತ್ತದೆ. ವರ್ಷ ವರ್ಷ ನವೀಕರಿಸಲು ಮರೆಯಬಾರದು ಅಷ್ಟೇ.

ಲೋಗೋ ವಿಷಯಕ್ಕೆ ನಾನು ಒಪ್ಪುವುದಿಲ್ಲ. ಕೊಳೆ, ಮಡಿಕೆ, ಗೀರು ಬಂದಾಗ ಕಾಪಾಡಲು ಇರುವ ಶಕ್ತಿಯನ್ನು ಲೋಗೋ ಮೊದಲೇ ತಿಂದು ಹಾಕುತ್ತದೆ. ಪಕ್ಕದಲ್ಲಿ ಹಾಕಿ, ಅಷ್ಟೇ ನಂಬಿಕೆ ಬರುತ್ತದೆ. "ಸೈಜ್ ಚಾರ್ಟಿಗೆ ಸ್ಕ್ಯಾನ್ ಮಾಡಿ" ಅಂತ ಕೋಡಿನ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆದರೆ ಇನ್ನೂ ಒಳ್ಳೆಯದು, ಯಾಕೆ ಸ್ಕ್ಯಾನ್ ಮಾಡಬೇಕು ಅಂತ ಗೊತ್ತಿಲ್ಲದೆ ಯಾರೂ ಫೋನ್ ತೆಗೆಯುವುದಿಲ್ಲ.

ಯುಪಿಐ ಮಾತ್ರ ದಯವಿಟ್ಟು ಬೇಡ. ಟ್ಯಾಗ್ ಬೇರೆಯವರ ಅಂಗಡಿಯಲ್ಲಿ ನೇತಾಡುತ್ತದೆ, ಗಿರಾಕಿ ಗೊಂದಲವಾಗಿ ಅಂಗಡಿಯವರಿಗೆ ಕೊಡಬೇಕಾದ ದುಡ್ಡನ್ನು ನಿಮಗೆ ಹಾಕುತ್ತಾನೆ. ಯಾರಾದರೂ ಅದರ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿದರೂ ಗೊತ್ತಾಗುವುದಿಲ್ಲ. ಹಣದ ಕೋಡ್ ಕಣ್ಣೆದುರಿಗೆ, ಗಲ್ಲಾ ಪಕ್ಕದಲ್ಲಿ ಇರಬೇಕು.

ಈಗಿರುವ ಟ್ಯಾಗುಗಳನ್ನು ಎಸೆಯಬೇಡಿ. ಹಳೆಯ ಕೋಡ್ ಪೂರ್ತಿ ಮುಚ್ಚುವಂಥ ಬಿಳಿ ಸ್ಟಿಕ್ಕರ್ ಮೇಲೆ ಹೊಸದು ಪ್ರಿಂಟ್ ಮಾಡಿ ಅಂಟಿಸಿ. ಮಾಲು ಆಗಲೇ ಅಂಗಡಿಗೆ ಹೋಗಿದ್ದರೆ ಡ್ರೈವಿನಲ್ಲಿ ಆ ಪಿಡಿಎಫ್ ಅಳಿಸಬೇಡಿ. ಬದಲಿಸಬೇಕಾದರೆ ಮ್ಯಾನೇಜ್ ವರ್ಶನ್ಸ್‌ಗೆ ಹೋಗಿ ಹೊಸ ಫೈಲ್ ಏರಿಸಿ, ಲಿಂಕು ಹಳೆಯದೇ ಉಳಿಯುತ್ತದೆ. ಲಿಂಕು ಇರುವ ಯಾರಾದರೂ ನೋಡಬಹುದು ಅನ್ನುವ ಅನುಮತಿ ಇದೆಯಾ ಅಂತಲೂ ನೋಡಿ, ಇಲ್ಲದಿದ್ದರೆ ಕೋಡ್ ಓದಿದರೂ ಲಾಗಿನ್ ಕೇಳುತ್ತದೆ.

ಕೌಲ್‌ಬಜಾರ್ ಜೀನ್ಸ್, ಬಳ್ಳಾರಿ

ಸರಿ, ಹೀಗೆ ಮಾಡುತ್ತೇನೆ. ನೀಲಿ ಕಾರ್ಡು ಇರಲಿ, ಅದರಲ್ಲಿ ಬಿಳಿ ಚೌಕ, ಕಪ್ಪು ಕೋಡ್, ಹೊಳೆಯದ ಲ್ಯಾಮಿನೇಶನ್. ಲೋಗೋ ಪಕ್ಕಕ್ಕೆ. ಒಳಗೆ ಮೇಷ್ಟ್ರು ಹೇಳಿದ ವಾಟ್ಸಾಪ್ ವಿಳಾಸ ದೊಡ್ಡಕ್ಷರದಲ್ಲಿ. ಅಗಲ ಅಂಚು ಸೇರಿ 20 ಮಿಲಿಮೀಟರ್. ಹಿಂದೆ ಒಗೆಯುವ ರೀತಿ ಕನ್ನಡದಲ್ಲಿ, ಕೆಳಗೆ "ಬಳ್ಳಾರಿಯಲ್ಲಿ ಹೊಲಿದದ್ದು" ಅಂತ ದಪ್ಪ ಅಕ್ಷರದಲ್ಲಿ. ಪ್ರಿಂಟಿಗೆ ಕೊಡುವ ಮೊದಲು ಇನ್ನೇನಾದರೂ ನೋಡಬೇಕಾ? ದಾರ ಹಾಕುವ ತೂತು ಈಗ ಮೇಲಿನ ಎಡ ಮೂಲೆಯಲ್ಲಿದೆ, ಕೋಡಿಗೆ ಸ್ವಲ್ಪ ಹತ್ತಿರ.

ಸಿಂಧನೂರು ರೈಸ್‌ಮಿಲ್

ತೂತು ದೂರ ಸರಿಸಿ, ಅಥವಾ ಕೋಡನ್ನು ಟ್ಯಾಗಿನ ಕೆಳಭಾಗಕ್ಕೆ ಇಳಿಸಿ. ಮೂಲೆಯ ಮೂರು ದೊಡ್ಡ ಚೌಕಗಳಿಗೆ ಆ 25, 30 ಶೇಕಡಾ ರಕ್ಷಣೆ ಅನ್ವಯಿಸುವುದಿಲ್ಲ. ತೂತಿನ ಲೋಹದ ಬಳೆ ಅವುಗಳಲ್ಲಿ ಒಂದನ್ನು ಕಚ್ಚಿದರೂ ಉಳಿದದ್ದೆಲ್ಲ ಶುದ್ಧವಿದ್ದು ಉಪಯೋಗ ಇಲ್ಲ.

ಮತ್ತೆ, ಕಂಪ್ಯೂಟರ್ ಪರದೆಯ ಮೇಲೆ ಸ್ಕ್ಯಾನ್ ಮಾಡಿ ಓಕೆ ಅನ್ನಬೇಡಿ. ಅದೇ ಕಾರ್ಡು, ಅದೇ ಲ್ಯಾಮಿನೇಶನ್ ಹಾಕಿಸಿದ ಒಂದು ಪ್ರೂಫ್ ಕೇಳಿ ತಗೊಳ್ಳಿ. ಕತ್ತರಿಸಿ, ದಾರ ಕಟ್ಟಿ, ಪ್ಯಾಂಟಿಗೆ ತೂಗುಹಾಕಿ, ಟ್ಯೂಬ್‌ಲೈಟ್ ಕೆಳಗೆ ಮನೆಯಲ್ಲಿರುವ ಅತಿ ಹಳೆಯ ಫೋನಿನಿಂದ ನೋಡಿ. ಅಂಗಡಿಯವರ ಕೈ ಸ್ಕ್ಯಾನರಿನಲ್ಲೂ ಓದಿತು ಅಂದಮೇಲೆ ಪೂರ್ತಿ ಆರ್ಡರ್ ಕೊಡಿ.